ಲ್ಯಾಬ್ ಬಿಟ್ಟು ಕಂಪ್ಯೂಟರ್ ಮುಂದೆ ಕೂತು ಜೀವವಿಜ್ಞಾನಿ ಆಗೋಕೆ ಆಗುತ್ತಾ?

ಕಾಸರಗೋಡಿನಲ್ಲಿ ಬಿಎಸ್ಸಿ ಓದುವ ಮಗಳಿಗೆ ಈ ಆಸೆ ಇದೆ, ಇದೂ ಒಂದು ಕೆಲಸವಾ ಎಂದು ಕೇಳಿದ್ದೀರಿ. ಖಂಡಿತ ಹೌದು.

ಈ ದಾರಿ ಹಾಕಿಕೊಟ್ಟ ಮೊದಲಿಗರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ (1925–1983) ಒಬ್ಬರು. ಪದವಿ ಗಣಿತದಲ್ಲಿ, ಪಿಎಚ್‌ಡಿ ರಸಾಯನಶಾಸ್ತ್ರದಲ್ಲಿ. ತೂತು ಕೊರೆದ ಕಾರ್ಡುಗಳಿಂದ ನಡೆಯುವ ಯಂತ್ರಗಳ ಕಾಲದಲ್ಲೇ ಅವರು ಅಣುಗಳ ಲೆಕ್ಕ ಹಾಕಿದರು.

ಅವರ ಕೆಲಸದ ಗುಟ್ಟು ಇಷ್ಟು. ಪ್ರೋಟೀನ್ ಎಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಪ್ರತಿ ಬಗೆಗೂ ಡೇಹಾಫ್ ಒಂದೊಂದೇ ಅಕ್ಷರ ಕೊಟ್ಟರು. ಆಗ ಪ್ರೋಟೀನ್ ಒಂದು ಸಾಲು ಬರಹವಾಯಿತು. ಬರಹವನ್ನು ಕಂಪ್ಯೂಟರ್ ಸುಲಭವಾಗಿ ಹೋಲಿಸುತ್ತದೆ, ಅಲ್ವಾ? ಎರಡು ಜೀವಿಗಳ ಒಂದೇ ಪ್ರೋಟೀನಿನಲ್ಲಿ ಕಡಿಮೆ ಅಕ್ಷರ ಬದಲಾಗಿದ್ದರೆ ಸಾಮಾನ್ಯವಾಗಿ ಅವು ಹತ್ತಿರದ ಸಂಬಂಧಿಗಳು. ಜಾಸ್ತಿ ಬದಲಾಗಿದ್ದರೆ ಬೇರೆಯಾಗಿ ತುಂಬಾ ಕಾಲವಾಗಿದೆ. ಕೋಟಿಗಟ್ಟಲೆ ವರ್ಷ ಕಳೆದರೂ ಬದಲಾಗದ ಜಾಗ ಕಂಡರೆ, ಅದು ಕೆಟ್ಟರೆ ಜೀವಕ್ಕೇ ಸಂಚಕಾರ ಎಂದು ಊಹಿಸಬಹುದು. ಔಷಧ ಹುಡುಕುವವರಿಗೆ ಇಂಥ ಜಾಗ ಬಲು ಇಷ್ಟ.

1965ರಲ್ಲಿ, ಆಗ ಗೊತ್ತಿದ್ದ 65 ಪ್ರೋಟೀನುಗಳ ಅಕ್ಷರ ಸಾಲುಗಳನ್ನು ಅವರ ತಂಡ ಒಂದು ಪುಸ್ತಕದಲ್ಲಿ ಸೇರಿಸಿತು. ಇವತ್ತಿನ ಪ್ರೋಟೀನ್ ಡೇಟಾಬೇಸ್‌ಗಳಿಗೆ ಮೂಲ ಅದು.

ನಿಮ್ಮೂರೂ ಹಿಂದಿಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐನಲ್ಲಿ ತೆಂಗಿನ ಡಿಎನ್‌ಎ ಓದುವ ಕೆಲಸ ನಡೆಯುತ್ತದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮ್ (ಒಂದು ಜೀವಿಯ ಪೂರ್ತಿ ಡಿಎನ್‌ಎ) ವಿಜ್ಞಾನ ಕಲಿಸುತ್ತಾರೆ. ಮಗಳು ಈಗಲೇ ಸಂಖ್ಯಾಶಾಸ್ತ್ರ, ಸ್ವಲ್ಪ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲಿ. ಶಾಲೆ ಕನ್ನಡ ಮಾಧ್ಯಮದ್ದು ಅಂತ ಸುಮ್ನೆ ಹೆದರುವುದು ಬೇಡ. ಲ್ಯಾಬ್ ಪೂರ್ತಿ ತಪ್ಪುವುದಿಲ್ಲ ಬಿಡಿ, ಕಂಪ್ಯೂಟರ್ ಹೇಳಿದ್ದನ್ನು ಕೊನೆಗೆ ಯಾರಾದರೂ ಅಲ್ಲೇ ಪರೀಕ್ಷಿಸಬೇಕು.