ಈಚೆಗೆ ಓದಿದ ಕಾದಂಬರಿಗಳಲ್ಲಿ ಯಾವುದು ನಿಮಗೆ ಹಿಡಿಸಿತು, ಯಾವುದು ನಿರಾಸೆ ತಂದಿತು?

ಕಳೆದ ಕೆಲವು ತಿಂಗಳುಗಳಲ್ಲಿ ಓದಿದವುಗಳ ಪೈಕಿ ಮನಸ್ಸಿನಲ್ಲಿ ನಿಂತಿರುವುದು ಮೂರು ಕಾದಂಬರಿಗಳು. ಮೂರೂ ಗಾತ್ರದಲ್ಲಿ ಚಿಕ್ಕವಾದ್ದರಿಂದ, ಲೇಖಕರು ಹೇಳದೆ ಬಿಟ್ಟದ್ದು ಎಲ್ಲಿ ಕೃತಿಗೆ ಬಲ ತಂದಿದೆ, ಎಲ್ಲಿ ಬರಿಯ ಕೊರತೆಯಾಗಿ ಉಳಿದಿದೆ ಎಂಬುದೇ ನನ್ನ ಇಷ್ಟಾನಿಷ್ಟಗಳನ್ನು ನಿರ್ಧರಿಸಿತು. ಕಥೆಯ ಕೊನೆಯನ್ನೂ ಪ್ರಸ್ತಾಪಿಸಲಿದ್ದೇನೆ. ಇನ್ನೂ ಓದದವರು ಎಚ್ಚರದಿಂದಿರಬೇಕು.

ಎಲ್ಲಕ್ಕಿಂತ ಹಿಡಿಸಿದ್ದು ಐರ್ಲೆಂಡಿನ ಕ್ಲೇರ್ ಕೀಗನ್ ಅವರ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ (2021). ಕಥೆ ನಡೆಯುವುದು 1985ರ ಕ್ರಿಸ್‌ಮಸ್ಸಿನ ಆಸುಪಾಸಿನಲ್ಲಿ, ನ್ಯೂ ರಾಸ್ ಎಂಬ ಊರಿನಲ್ಲಿ. ಕಲ್ಲಿದ್ದಲು ಮಾರಿ ಬದುಕುವ, ಐದು ಹೆಣ್ಣುಮಕ್ಕಳ ತಂದೆ ಬಿಲ್ ಫರ್ಲಾಂಗ್, ಒಂದು ಮುಂಜಾನೆ ಕಾನ್ವೆಂಟಿಗೆ ಸರಕು ಇಳಿಸಲು ಹೋದಾಗ ಅಲ್ಲಿನ ಕಲ್ಲಿದ್ದಲ ಕೋಣೆಯಲ್ಲಿ ಕೂಡಿಹಾಕಿದ್ದ ಹುಡುಗಿಯೊಬ್ಬಳನ್ನು ಕಾಣುತ್ತಾನೆ. ಮುಂದಿನ ದೃಶ್ಯವನ್ನು ನಾನು ಮೂರು ಬಾರಿ ಓದಿದೆ. ಮುಖ್ಯ ಸನ್ಯಾಸಿನಿ ಅವನನ್ನು ಒಳಗೆ ಕರೆದು ಕೂರಿಸುತ್ತಾಳೆ, ಚಹಾ ಕೊಡಿಸುತ್ತಾಳೆ, ಕುಶಲ ವಿಚಾರಿಸುತ್ತಲೇ ಅವನ ಮಕ್ಕಳ ಶಾಲೆಯ ಮಾತು ತೆಗೆಯುತ್ತಾಳೆ, ಹೊರಡುವಾಗ ಅವನ ಹೆಂಡತಿಗೆಂದು ಹಣವಿಟ್ಟ ಲಕೋಟೆಯೊಂದನ್ನು ಕೊಡುತ್ತಾಳೆ. ಬೆದರಿಕೆಯ ಒಂದು ಶಬ್ದವೂ ಅಲ್ಲಿಲ್ಲ. ಆದರೂ ಆ ಶಾಲೆ ಯಾರ ಕೈಯಲ್ಲಿದೆ, ಬಾಯಿ ಬಿಟ್ಟರೆ ಏನಾದೀತು ಎಂಬುದು ಫರ್ಲಾಂಗನಿಗೂ ನಮಗೂ ಏಕಕಾಲಕ್ಕೆ ಅರ್ಥವಾಗುತ್ತದೆ.

ಹಿನ್ನೆಲೆಯಲ್ಲಿರುವುದು ‘ಮ್ಯಾಗ್ದಲೀನ್ ಲಾಂಡ್ರಿ’ಗಳೆಂಬ ನಿಜವಾದ ಸಂಸ್ಥೆಗಳು: ‘ದಾರಿ ತಪ್ಪಿದವರು’ ಎಂಬ ಹಣೆಪಟ್ಟಿ ಹೊತ್ತ ಹೆಂಗಸರನ್ನೂ ಹುಡುಗಿಯರನ್ನೂ ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ, ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ತಾಣಗಳು. ಅವುಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಐರ್ಲೆಂಡಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೋರಿದ್ದು 2013ರಲ್ಲಿ. ಇಂಥ ವಸ್ತುವನ್ನು ಕೈಗೆತ್ತಿಕೊಂಡ ಬೇರೆ ಯಾರಾದರೂ ಕಾನ್ವೆಂಟಿನ ಒಳಗಿನ ಕ್ರೌರ್ಯವನ್ನು ಪುಟಗಟ್ಟಲೆ ವರ್ಣಿಸುತ್ತಿದ್ದರೇನೋ. ಕೀಗನ್ ಬಾಗಿಲ ಹೊರಗೇ ನಿಂತು, ಗೊತ್ತಿದ್ದೂ ಸುಮ್ಮನಿರುವ ಊರನ್ನು ತೋರಿಸುತ್ತಾರೆ. ಅಪ್ಪ ಯಾರೆಂದು ಬದುಕಿಡೀ ತಿಳಿಯದ ಫರ್ಲಾಂಗನಿಗೆ, ಅಪರಿಚಿತ ಹೆಂಗಸೊಬ್ಬಳು ‘ಹೋಲಿಕೆ ಕಾಣುತ್ತದೆ’ ಎಂದು ಸಹಜವಾಗಿ ಆಡಿದ ಮಾತಿನಿಂದ ಆ ಗುಟ್ಟು ಬಿಚ್ಚಿಕೊಳ್ಳುವ ರೀತಿಯೂ ಇದೇ ಜಾತಿಯದು. ಕೊನೆಯಲ್ಲಿ ಅವನು ಆ ಹುಡುಗಿಯನ್ನು ಊರ ನಡುವೆಯೇ ನಡೆಸಿಕೊಂಡು ತನ್ನ ಮನೆಯ ಬಾಗಿಲಿಗೆ ತರುತ್ತಾನೆ, ಕಾದಂಬರಿ ಅಲ್ಲಿಗೇ ನಿಲ್ಲುತ್ತದೆ. ಹೆಂಡತಿ ಏನೆಂದಳೆಂಬ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಕೊರಿಯಾದ ಹಾನ್ ಕಾಂಗ್ ಅವರ ‘ದ ವೆಜಿಟೇರಿಯನ್’ (2007) ಕುರಿತು ನನ್ನ ಅಭಿಪ್ರಾಯ ಅಷ್ಟು ನೇರವಾಗಿಲ್ಲ. ಡೆಬೊರಾ ಸ್ಮಿತ್ ಅವರ ಇಂಗ್ಲಿಷ್ ಅನುವಾದಕ್ಕೆ 2016ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಿತು. ನಾನು ಓದಿದ್ದೂ ಅದನ್ನೇ. ಮಾಂಸ ತಿನ್ನುವುದನ್ನು ಬಿಟ್ಟ ಹೆಣ್ಣೊಬ್ಬಳ ಕಥೆಯನ್ನು ಗಂಡ, ಭಾವ, ಅಕ್ಕ ಹೀಗೆ ಮೂವರ ದೃಷ್ಟಿಯಲ್ಲಿ ಹೇಳಲಾಗಿದ್ದು, ಆಕೆಯದೇ ದನಿ ಕನಸಿನ ತುಣುಕುಗಳಲ್ಲಷ್ಟೇ ಕೇಳಿಸುತ್ತದೆ. ಮೊದಲ ಭಾಗದಲ್ಲಿ ಈ ತಂತ್ರ ಅದ್ಭುತವಾಗಿ ಫಲಿಸಿದೆ: ಗಂಡ ಹೆಂಡತಿಯ ಮೇಲೆ ದೂರು ಹೇಳುತ್ತ ಹೋದಂತೆ ಬಯಲಾಗುವುದು ಅವನೇ. ಎರಡನೆಯ ಭಾಗದಲ್ಲಿ ವೀಡಿಯೊ ಕಲಾವಿದನಾದ ಭಾವನ ಗೀಳೇ ಜಾಗವನ್ನೆಲ್ಲ ನುಂಗಿ, ನಾಯಕಿ ಹೂಗಳನ್ನು ಬರೆಯಲು ಸಿಕ್ಕ ಬರಿಯ ಮೈಯಾಗಿಬಿಡುತ್ತಾಳೆ. ಅದೇ ಲೇಖಕಿಯ ಉದ್ದೇಶವೆಂದು ವಾದಿಸುವವರಿದ್ದಾರೆ. ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ಆಸ್ಪತ್ರೆಯಲ್ಲಿ ಅಕ್ಕ ತಂಗಿಯನ್ನು ನೋಡಿಕೊಳ್ಳುವ ಮೂರನೆಯ ಭಾಗ ಕೃತಿಯನ್ನು ಮತ್ತೆ ಮೇಲಕ್ಕೆತ್ತುತ್ತದೆ.

ನಿರಾಸೆ ತಂದದ್ದು 2024ರ ಬುಕರ್ ಪಡೆದ, ಸಮಂತಾ ಹಾರ್ವೀ ಅವರ ‘ಆರ್ಬಿಟಲ್’. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಮಂದಿ, ಒಂದು ದಿನ, ಭೂಮಿಗೆ 16 ಸುತ್ತು. ವಾಕ್ಯಗಳು ನಿಜಕ್ಕೂ ಸುಂದರ, ಆದರೆ ಆರೂ ಜನರು ಒಂದೇ ಮನಸ್ಸಿನಿಂದ, ಒಂದೇ ಲಯದಲ್ಲಿ ಯೋಚಿಸುವಂತೆ ತೋರುತ್ತಾರೆ. ತಾಯಿಯ ಸಾವಿನ ಸುದ್ದಿಯನ್ನು ಅಷ್ಟು ಎತ್ತರದಲ್ಲಿ ಕೇಳಬೇಕಾಗಿ ಬಂದ, ಆ ಆರು ಮಂದಿಯಲ್ಲಿ ಒಬ್ಬಳಾದ ಚಿಯೆಯ ಪ್ರಸಂಗ ಮಾತ್ರ ಮನಸ್ಸನ್ನು ತಟ್ಟಿತು. ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕಿದ್ದ ಕಾದಂಬರಿ ಮುಂದಿನ ಸೂರ್ಯೋದಯದ ಕಡೆಗೆ ಹೊರಟುಬಿಡುತ್ತದೆ. ದಿನಕ್ಕೆರಡು ಪುಟದಂತೆ ಓದಿದ್ದರೆ ಇಷ್ಟವಾಗುತ್ತಿತ್ತೋ ಏನೋ, ನಾನು ಒಂದೇ ಕೂರಿಕೆಯಲ್ಲಿ ಮುಗಿಸಿದೆ.