ಗ್ರಹಣದ ಹೊತ್ತಿನ ಚಿತ್ರಾನ್ನ

ಪ್ರಶ್ನೆ: ನನಗೆ ದೇವರು, ಶಾಸ್ತ್ರ ಯಾವುದರಲ್ಲೂ ನಂಬಿಕೆ ಇಲ್ಲ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ದಿನ ಊರಿಗೆ ಹೋಗಿದ್ದೆ. ಅಮ್ಮ ಮಧ್ಯಾಹ್ನವೇ ಊಟ ಮುಗಿಸಿ, ಹಾಲು, ಉಪ್ಪಿನಕಾಯಿ ಮೇಲೆಲ್ಲ ದರ್ಭೆ ಇಟ್ಟು ಕೂತಿದ್ದರು. ರಾತ್ರಿ ಹತ್ತಕ್ಕೆ ಗ್ರಹಣ ಹಿಡಿದ ಮೇಲೆ ಬೇಕೆಂದೇ ಅವರೆದುರು ಚಿತ್ರಾನ್ನ ತಿಂದೆ. ಹಿಂದೆ ಜಪ ಮಾಡುತ್ತಿದ್ದ ಅಮ್ಮನೂ ಕಾಣುವ ಹಾಗೆ ಫೋಟೊ ತೆಗೆದು, ‘ರಾಹು ಇನ್ನೂ ಬಂದಿಲ್ಲ’ ಅಂತ ಬರೆದು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅಂದಿನಿಂದ ಅಮ್ಮ ಮಾತು ಬಿಟ್ಟಿದ್ದಾರೆ. ಅಪ್ಪ ಕ್ಷಮೆ ಕೇಳು ಅನ್ನುತ್ತಾರೆ. ನಿಜ ಹೇಳಿದ್ದಕ್ಕೆ ಕ್ಷಮೆ ಯಾಕೆ?
— ಹೆಸರು ಬೇಡ, ತುಮಕೂರು

ಉತ್ತರ: ನಾನೂ ನಿಮ್ಮ ಪೈಕಿಯವಳೇ, ಹಾಗಾಗಿ ಬೈದರೆ ಬೇಜಾರು ಮಾಡಿಕೊಳ್ಳಬೇಡಿ.

ಏನು ನಿಜ ಹೇಳಿದಿರಿ? ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದರೆ ತಟ್ಟೆಯಲ್ಲಿರುವ ಅನ್ನಕ್ಕೆ ಏನೂ ಆಗಲ್ಲ, ಅಷ್ಟೇ ತಾನೆ? ಅದಕ್ಕೆ ನೀವು ತಿಂದಿದ್ದೇ ಸಾಕಿತ್ತು. ಹಸಿವಾಯಿತು, ತಿಂದಿರಿ, ಅದರಲ್ಲಿ ತಪ್ಪೇನೂ ಇಲ್ಲ. ಶಾಸ್ತ್ರ ಅನ್ನುವವರೇ ಮಕ್ಕಳಿಗೆ, ಕಾಯಿಲೆಯವರಿಗೆ ವಿನಾಯಿತಿ ಕೊಡುತ್ತಾರೆ. ‘ತಟ್ಟೆ ಹಾಕಮ್ಮ’ ಅಂದಿದ್ದರೆ ನಿಮ್ಮಮ್ಮ ಗೊಣಗುತ್ತಲೇ ಬಡಿಸುತ್ತಿದ್ದರೋ ಏನೋ. ಆದರೆ ಫೋಟೊ? ಮಧ್ಯಾಹ್ನದಿಂದ ಬಾಯಿಗೆ ಏನೂ ಹಾಕದೆ ಕೂತ ಹೆಂಗಸನ್ನು ಅವರದೇ ನೆಂಟರ ಮುಂದೆ ನಗೆಪಾಟಲು ಮಾಡಿದಿರಲ್ಲ, ಅದಕ್ಕೂ ಖಗೋಳಕ್ಕೂ ಏನು ಸಂಬಂಧ?

ನಾನೂ ಇಂಥದ್ದು ಮಾಡಿದ್ದೇನೆ. ಮದುವೆಯಾದ ಹೊಸದರಲ್ಲಿ ಒಂದು ನಾಗರ ಪಂಚಮಿ ದಿನ, ಹುತ್ತಕ್ಕೆ ಹಾಲು ಹೊಯ್ಯಲು ಹೊರಟ ಅತ್ತೆಗೆ, ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಸುಮ್ನೆ ಹಾಲು ದಂಡ ಅಂತ ಪಾಠ ಶುರು ಮಾಡಿದೆ. ಅವರು ತಂಬಿಗೆ ಎತ್ತಿಕೊಂಡು, ‘ಅದು ನನಗೆ ಗೊತ್ತಿಲ್ವೇನೇ? ನಮ್ಮಣ್ಣ ಹೋದ ಮೇಲೆ ಅವನ ಹೆಸರಲ್ಲಿ ಇದೊಂದೇ ಉಳಿದಿರೋದು’ ಅಂದರು. ಅಣ್ಣತಮ್ಮಂದಿರ ಬೆನ್ನಿಗೆ ಹಾಲು ತೊಡೆಯುವ ಹಬ್ಬ ಅದು. ನನಗೆ ಅದು ಹೊಳೆದೇ ಇರಲಿಲ್ಲ. ಭಕ್ತರು ಏನು ನಂಬುತ್ತಾರೆ ಅಂತ ನಾವೇ ಊಹಿಸಿಕೊಂಡು, ಆ ಊಹೆಯ ಜೊತೆ ಜಗಳ ಆಡುತ್ತಿರುತ್ತೇವೆ. ಒಂದು ಸಲ ಕೇಳಿ ನೋಡಬಹುದಲ್ವಾ?

ಹಾಗಂತ ಬಾಯಿ ಮುಚ್ಚಿಕೊಂಡಿರಿ ಅಂತಲ್ಲ. ಎಚ್. ನರಸಿಂಹಯ್ಯನವರನ್ನು ನೋಡಿ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ನಮ್ಮೆದುರು ಪವಾಡ ಮಾಡಿ ತೋರಿಸಿ ಅಂತ ಸತ್ಯ ಸಾಯಿಬಾಬಾ ಅವರಿಗೇ ಪತ್ರ ಬರೆದರು, ಉತ್ತರ ಬರಲಿಲ್ಲ. ಪತ್ರ ಹೋದದ್ದು ಯಾರಿಗೆ ಗಮನಿಸಿ. ಶಕ್ತಿ ಇದೆ ಅಂದವರಿಗೆ. ಸಾಲಿನಲ್ಲಿ ನಿಂತು ವಿಭೂತಿ ಹಚ್ಚಿಕೊಂಡು ಬಂದವರಿಗೆ ಅಲ್ಲ. ಗ್ರಹಣದ ದಿನ ಟಿವಿಯಲ್ಲಿ ಕೂತು ರಾಶಿ ರಾಶಿ ಲೆಕ್ಕದಲ್ಲಿ ಹೆದರಿಸುತ್ತಾರಲ್ಲ, ಅವರ ಮೇಲೆ ನಿಮ್ಮ ನಾಲಿಗೆ ಹರಿಯಲಿ, ಬೆಂಗಳೂರಿನ ಟೌನ್ ಹಾಲ್ ಮುಂದೆ ಗ್ರಹಣದ ಹೊತ್ತಿಗೆ ತಿನ್ನುವವರ ಜೊತೆ ಹೋಗಿ ತಿನ್ನಿ, ಬೇಕಿದ್ದರೆ ನಾನೂ ಬರುತ್ತೇನೆ.

ಮನೆಯೊಳಗೂ ಗಟ್ಟಿಯಾಗಿ ಹೇಳಲೇಬೇಕಾದ ಹೊತ್ತು ಬರುತ್ತದೆ. ನಾಳೆ ಬಸುರಿ ಅತ್ತಿಗೆಗೆ ಗ್ರಹಣ ಅಂತ ಗಂಟೆಗಟ್ಟಲೆ ನೀರೂ ಕೊಡದಿದ್ದರೆ ಆಗ ಅಮ್ಮನಿಗೆ ನೋವಾಗುತ್ತದೆ ಅಂತ ನೋಡಬೇಡಿ, ಲೋಟ ನೀವೇ ಕೊಡಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಲ್ಲಿ ಕಲಬುರಗಿ ಹತ್ತಿರದ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಹೂತು ನಿಲ್ಲಿಸಿದ್ದರು, ವಾಸಿಯಾಗುತ್ತದೆ ಅಂತ. ಅದನ್ನು ಆ ಕ್ಷಣವೇ ನಿಲ್ಲಿಸಬೇಕು. ಆದರೆ ಆ ಅಪ್ಪ ಅಮ್ಮಂದಿರನ್ನು ‘ಮೂಢರು’ ಅಂತ ಬೈದು ಬಂದರೆ ಮುಂದಿನ ಸಲ ನಿಮಗೆ ಗೊತ್ತಾಗದ ಹಾಗೆ ಹೂಳುತ್ತಾರೆ, ಅಷ್ಟೇ. ನಮ್ಮ ಮೌಢ್ಯ ನಿಷೇಧ ಕಾಯ್ದೆಯೂ ಮನೆಯ ಪೂಜೆ, ಯಾತ್ರೆ, ಹರಿಕಥೆಯ ತಂಟೆಗೆ ಹೋಗಿಲ್ಲ. (ಜ್ಯೋತಿಷ್ಯವನ್ನೂ ಬಿಟ್ಟಿದೆ, ಅದರ ಬಗ್ಗೆ ನನ್ನ ತಕರಾರು ಬೇರೆ ಇದೆ.)

ಇನ್ನು ಕ್ಷಮೆ. ಚಿತ್ರಾನ್ನಕ್ಕೆ ಬೇಡ, ನಂಬಿಕೆ ಇಲ್ಲದ್ದಕ್ಕೂ ಬೇಡ, ಇದ್ದಕ್ಕಿದ್ದಂತೆ ಭಕ್ತನ ಹಾಗೆ ನಟಿಸಿದರೆ ಅಮ್ಮನಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಫೋಟೊಗೆ ಮಾತ್ರ ಕೇಳಿ. ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಆಗಲ್ಲ. ನಕ್ಕವರೆಲ್ಲ ಇರುವ ಆ ಗುಂಪಿನಲ್ಲೇ ಬರೆಯಿರಿ.