ಜನರಲ್ ಅನಸ್ತೇಶಿಯಾ ಕೊಟ್ಟು ಪಿತ್ತಕೋಶದ ಆಪರೇಷನ್ ಮಾಡಿದ ಮೇಲೆ ಏನೇನಾಗುತ್ತೆ? ನೋವಿನ ಮಾತ್ರೆ ತಗೊಳ್ಳದೆ ತಡೆದುಕೊಳ್ಳಬಹುದಾ?

ತಡೆದುಕೊಳ್ಳಬಹುದು. ನಾನೂ ತಡೆದುಕೊಂಡೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದವಳನ್ನ ವಾರ ತುಂಬೋದರೊಳಗೆ ಮತ್ತೆ ಅದೇ ಆಸ್ಪತ್ರೆಗೆ ಆಟೋದಲ್ಲಿ ಕರ್ಕೊಂಡು ಹೋದರು. ಮಾತ್ರೆ ಹೇಗೆ ತಪ್ಪಿಸೋದು ಅನ್ನೋ ಯೋಚನೆಯನ್ನೇ ದಯವಿಟ್ಟು ಬಿಡಿ.

ನನಗೂ ನಿಮ್ಮ ಹಾಗೇ ಪಿತ್ತಕೋಶದಲ್ಲಿ ಕಲ್ಲು. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಅಂದ್ಕೊಂಡು ಜೀರಿಗೆ ಕಷಾಯ ಕುಡಿದಿದ್ದೆ. ಒಂದು ಮದುವೆ ಊಟ ಆದ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡ್ಕೊಂಡ ನೋವು ಬೆನ್ನಿಗೂ ಹೋಗಿ, ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯ್ತು. ತುಮಕೂರಲ್ಲೇ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡೋ ಆಪರೇಷನ್ನಿನಲ್ಲಿ, ಪಿತ್ತಕೋಶ ತೆಗೆಸಿದೆ.

ಅನಸ್ತೇಶಿಯಾ ಡಾಕ್ಟರು ಹಿಂದಿನ ದಿನವೇ ಬಂದು ಮಾತಾಡಿಸ್ತಾರೆ. ಅಲ್ಲಾಡೋ ಹಲ್ಲು, ಕಟ್ಟಿಸಿದ ಹಲ್ಲು, ಬಿಪಿ ಮಾತ್ರೆ, ಅಸ್ತಮಾ, ಹಿಂದೆ ಯಾವುದಾದರೂ ಔಷಧ ಅಲರ್ಜಿ ಆಗಿದ್ದು, ಎಲ್ಲಾ ಹೇಳಿ. ಚಾರ್ಮಾಡಿ ಘಾಟಿಯಲ್ಲಿ ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಕೂರೋ ಜಾತಿ ನೀವಾಗಿದ್ದರೆ ಅದನ್ನೂ ಹೇಳಿ. ಬಸ್ಸಲ್ಲಿ ವಾಂತಿ ಆಗೋರಿಗೆ ಎದ್ದಮೇಲೂ ವಾಂತಿ ಆಗೋ ಸಾಧ್ಯತೆ ಜಾಸ್ತಿ, ಅದರಲ್ಲೂ ಹೆಂಗಸರಿಗೆ. ಮೊದಲೇ ಗೊತ್ತಿದ್ದರೆ ಇಂಜೆಕ್ಷನ್ ಕೊಟ್ಟಿರ್ತಾರೆ. ಸಾಮಾನ್ಯವಾಗಿ ಗಟ್ಟಿ ಆಹಾರ 6 ಗಂಟೆ ಮುಂಚೆ ನಿಲ್ಲಿಸಬೇಕು, ಬರೀ ನೀರು 2 ಗಂಟೆ ಮುಂಚಿನವರೆಗೆ ಸರಿ. ಬಹಳ ಕಡೆ ರಾತ್ರಿ ಹನ್ನೆರಡರಿಂದಲೇ ಏನೂ ಬೇಡ ಅಂತಾರೆ, ನಿಮ್ಮ ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಪಾಲಿಸಿ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರಲ್ಲ. ಹೊಟ್ಟೆಯಲ್ಲಿ ಇದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಒಡವೆ, ನೇಲ್ ಪಾಲಿಶ್ ಎಲ್ಲಾ ಮನೆಯಲ್ಲೇ ತೆಗೆದು ಹೋಗಿ. ನನ್ನ ಮೂಗುಬೊಟ್ಟಿನ ತಿರುಪು ಮದುವೆಯಾದಾಗಿಂದ ಬಿಚ್ಚಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಇಬ್ಬರು ಸಿಸ್ಟರ್‌ಗಳು ಸೇರಿ ತಿರುಗಿಸಿ, ಕೊನೆಗೆ ರಕ್ತ ಬಂದಮೇಲೆ ಕಳಚಿತು. ಇಡೀ ಆಪರೇಷನ್ನಿನಲ್ಲಿ ನಾನು ಅತ್ತಿದ್ದು ಅದೊಂದಕ್ಕೇ.

ಮಲಗಿಸಿ, ಹಾಲಿನ ಬಣ್ಣದ ಔಷಧ ಕೈಯಿಗೆ ಬಿಟ್ಟರು. ಮೊಣಕೈವರೆಗೂ ಉರಿ. ಆಮೇಲೆ ಏನೂ ಇಲ್ಲ. ಕನಸೂ ಇಲ್ಲ. ಯಾರೋ ಹೆಸರು ಹಿಡಿದು ಕೂಗ್ತಾ ಕೆನ್ನೆ ತಟ್ಟುತ್ತಿದ್ದರು, ಅಷ್ಟು ಹೊತ್ತಿಗೆ ಎಲ್ಲಾ ಮುಗಿದಿತ್ತು. ಹಲ್ಲು ಕಟಕಟ ಅನ್ನೋ ಹಾಗೆ ನಡುಕ. ಮೈ ಬಿಸಿ ಇಳಿದಿರುತ್ತೆ, ಕಂಬಳಿ ಹೊದಿಸಿದ ಮೇಲೆ ನಿಲ್ಲುತ್ತೆ. ಉಸಿರಿಗೆ ಕೊಳವೆ ಹಾಕಿರ್ತಾರಲ್ಲ, ಅದಕ್ಕೆ ಗಂಟಲು ಒರಟು, ಎಂಜಲು ನುಂಗೋದೂ ಕಷ್ಟ. "ಆಪರೇಷನ್ ಆಯ್ತಾ?" ಅಂತ ಒಂದೇ ಪ್ರಶ್ನೆ ಕೇಳ್ತಾನೇ ಇದ್ದೆನಂತೆ, ನನ್ನ ಯಜಮಾನರು ಇವತ್ತಿಗೂ ಆಡಿಕೊಳ್ತಾರೆ. ಆ ದಿನ ಬುದ್ಧಿ ಪೂರ್ತಿ ನಿಮ್ಮದಲ್ಲ. 24 ಗಂಟೆ ಗಾಡಿ ಓಡಿಸಬೇಡಿ, ಕಾಗದಪತ್ರಕ್ಕೆ ಸಹಿ ಹಾಕಬೇಡಿ, ಬ್ಯಾಂಕಿನ ಆ್ಯಪ್ ಮುಟ್ಟಲೇಬೇಡಿ. ಮೂತ್ರ ಬೇಗ ಬರದೇ ಇರಬಹುದು, ಬರದಿದ್ದರೆ ಸಂಕೋಚ ಬಿಟ್ಟು ಸಿಸ್ಟರ್‌ಗೆ ಹೇಳಿ.

ನನ್ನನ್ನ ನಿಜಕ್ಕೂ ಹೆದರಿಸಿದ್ದು ಭುಜದ ನೋವು. ಕುಯ್ದಿದ್ದು ಹೊಟ್ಟೆ, ನೋಯ್ತಿರೋದು ಬಲ ಭುಜ! ಹಾರ್ಟ್ ಅಟ್ಯಾಕೇ ಅಂದ್ಕೊಂಡೆ. ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಯನ್ನ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸ್ತಾರೆ. ಅದು ವಪೆಯನ್ನ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಪರದೆ ಥರ ಇರೋ ಸ್ನಾಯುವನ್ನ, ಕೆಣಕುತ್ತೆ, ವಪೆಯ ನರ ಹೊರಡೋದು ಕತ್ತಿನಿಂದ, ಹಾಗಾಗಿ ನೋವು ಭುಜದಲ್ಲಿ ಕಾಣಿಸ್ಕೊಳ್ಳುತ್ತೆ. ಎರಡು ಮೂರು ದಿನದಲ್ಲಿ ತಾನಾಗೇ ಹೋಗುತ್ತೆ, ಓಡಾಡಿದರೆ ಹಗುರ ಅನ್ನಿಸುತ್ತೆ.

ಈಗ ನಾನು ಮಾಡಿದ ದಡ್ಡತನಕ್ಕೆ ಬರ್ತೀನಿ. ಡಿಸ್ಚಾರ್ಜ್ ಚೀಟಿಯಲ್ಲಿ ಪ್ಯಾರಾಸಿಟಮಾಲ್ ದಿನಕ್ಕೆ ಮೂರು ಸಲ, ಜೊತೆಗೆ ಇನ್ನೊಂದು ನೋವಿನ ಮಾತ್ರೆ ಅಂತ ಸ್ಪಷ್ಟವಾಗಿ ಬರೆದಿದ್ದರು. ಮನೆಗೆ ಬಂದ ದಿನ ನೋವೇ ಇರಲಿಲ್ಲ. ಡ್ರಿಪ್ಪಿನಲ್ಲಿ ಹಾಕಿದ ಔಷಧ ಇನ್ನೂ ಇಳಿದಿಲ್ಲ ಅಂತ ನನಗೆ ಹೊಳೀಲಿಲ್ಲ, ನಾನೇ ಗಟ್ಟಿ ಅಂದ್ಕೊಂಡೆ. ನೋಡೋಕೆ ಬಂದ ದೊಡ್ಡಮ್ಮ ಬೇರೆ "ನೋವಿನ ಮಾತ್ರೆ ಹೀಟು ಕಣೇ, ಕಿಡ್ನಿ ಹೊಡೆದು ಹಾಕುತ್ತೆ, ಮೂರು ಹೆತ್ತೋಳು ನೀನು, ಇದನ್ನ ತಡೆಯೋಕಾಗಲ್ವಾ?" ಅಂದರು. ಮಾತ್ರೆ ಡಬ್ಬಿ ಸೇರಿತು.

ಮಾರನೇ ದಿನ ನೋವು ಶುರುವಾಯ್ತು. ಅಲ್ಲಾಡಿದರೆ ನೋವು, ಅದಕ್ಕೆ ಅಲ್ಲಾಡದೆ ಮಲಗಿದೆ. ಉಸಿರು ಎಳೆದರೆ ಹೊಕ್ಕುಳ ಹತ್ತಿರ ಹಿಡಿಯುತ್ತೆ, ಅದಕ್ಕೆ ಮೇಲುಮೇಲೆ ಪುಸಪುಸ ಅಂತ ಉಸಿರಾಡಿದೆ. ಗಂಟಲಲ್ಲಿ ಕಫ ಗೊರಗೊರ ಅಂದರೂ ಕೆಮ್ಮಿದರೆ ಹೊಲಿಗೆ ಬಿಚ್ಚಿಹೋಗುತ್ತೆ ಅಂತ ನುಂಗಿಕೊಂಡೆ. ಮೂರು ಬಣ್ಣದ ಗೋಲಿ ಇರೋ ಪ್ಲಾಸ್ಟಿಕ್ ಡಬ್ಬಿ, ಗಾಳಿ ಎಳೆದು ಗೋಲಿ ಮೇಲಕ್ಕೆ ಎತ್ತೋದು ಕೊಟ್ಟಿರ್ತಾರಲ್ಲ, ಅದರಲ್ಲಿ ಒಂದು ಗೋಲಿ ಎತ್ತೋಕೂ ಆಗದೆ ಫ್ರಿಜ್ ಮೇಲೆ ಇಟ್ಟೆ. ಯಾರು ಕೇಳಿದರೂ "ಪರವಾಗಿಲ್ಲ, ತಡ್ಕೊಂಡಿದೀನಿ" ಅಂತ ಜಂಬ ಬೇರೆ.

ಅನಸ್ತೇಶಿಯಾ ಆದಮೇಲೆ ಶ್ವಾಸಕೋಶದ ತಳಭಾಗ ಹೇಗೂ ಸ್ವಲ್ಪ ಮುದುಡಿಕೊಂಡಿರುತ್ತೆ. ಆಳವಾಗಿ ಉಸಿರೆಳೆದು, ಕೆಮ್ಮಿ, ಓಡಾಡಿದರೆ ಬಿಚ್ಚಿಕೊಳ್ಳುತ್ತೆ. ಇಲ್ಲದಿದ್ದರೆ ಅಲ್ಲೇ ಕಫ ನಿಲ್ಲುತ್ತೆ, ನಿಂತ ಕಫಕ್ಕೆ ಸೋಂಕು ಹತ್ತುತ್ತೆ. ನನಗೆ ಚಳಿಜ್ವರ ಬಂತು, ಬಾತ್‌ರೂಮಿಗೆ ಹೋಗಿ ಬರೋದರಲ್ಲಿ ಏದುಸಿರು. ಎಕ್ಸ್‌ರೇ ತೆಗೆದು ನ್ಯುಮೋನಿಯಾ ಅಂದರು. ಆಮೇಲೆ ಆ್ಯಂಟಿಬಯೋಟಿಕ್ ಡ್ರಿಪ್ಪು, ನೆಬ್ಯುಲೈಸರ್, ಬೆನ್ನು ತಟ್ಟಿ ತಟ್ಟಿ ಕೆಮ್ಮಿಸೋ ಫಿಸಿಯೋ. ಹೀಟು ಅಂತ ಬಿಟ್ಟ ಮಾತ್ರೆಗಳಿಗಿಂತ ಎಷ್ಟೋ ಪಟ್ಟು ಔಷಧ ಮೈಗೆ ಹೋಯ್ತು, ಬಿಲ್ಲಂತೂ ಕೇಳಲೇಬೇಡಿ.

ಮಾತ್ರೆ ಕೊಡೋದು ನೀವು ಆರಾಮಾಗಿ ಮಲಗಲಿ ಅಂತಲ್ಲ, ಎದ್ದು ಕೆಮ್ಮಲಿ ಅಂತ. ಮೊದಲ ನಾಲ್ಕೈದು ದಿನ ಗಡಿಯಾರ ನೋಡಿ ತಗೊಳ್ಳಿ. ನೋವು ನೆತ್ತಿಗೇರಿದ ಮೇಲೆ ನುಂಗಿದರೆ ಅದು ಇಳಿಯೋಕೆ ಸಮಯ ಹಿಡಿಯುತ್ತೆ, ಅಷ್ಟರಲ್ಲಿ ನೀವು ಮುದುರಿ ಮಲಗಿರ್ತೀರಿ. ಬರೆದುಕೊಟ್ಟದ್ದಕ್ಕಿಂತ ಹೆಚ್ಚು ತಗೊಳ್ಳಿ ಅಂತ ಖಂಡಿತ ಹೇಳ್ತಿಲ್ಲ, ಪ್ಯಾರಾಸಿಟಮಾಲ್ ಮಿತಿಮೀರಿದರೆ ಲಿವರ್ ಹೋಗುತ್ತೆ. ನಿಮಗೆ ನಿಜವಾಗಲೂ ಕಿಡ್ನಿ ತೊಂದರೆಯೋ ಅಲ್ಸರೋ ಇದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಾಯಿಸಿ ಕೊಡ್ತಾರೆ. ಟ್ರಮಡಾಲ್ ಥರದ ಜೋರು ನೋವಿನ ಮಾತ್ರೆ ಕೊಟ್ಟರೆ ಮೋಷನ್ ಕಟ್ಟುತ್ತೆ, ಅದಕ್ಕೂ ಒಂದು ಸಿರಪ್ ಬರೆಸಿಕೊಂಡೇ ಬನ್ನಿ. ಕೆಮ್ಮುವಾಗ ಹೊಟ್ಟೆಗೆ ಒಂದು ದಿಂಬು ಒತ್ತಿ ಹಿಡ್ಕೊಳ್ಳಿ. ಹೊಲಿಗೆ ಬಿಚ್ಚಲ್ಲ, ನಾನು ಆಮೇಲೆ ಮನೆ ಅದುರೋ ಹಾಗೆ ಕೆಮ್ಮಿದ್ದೀನಿ.

ಊಟದ ವಿಷಯಕ್ಕೆ ನೂರು ಜನ ನೂರು ಹೇಳ್ತಾರೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು ಅಂತ ನನಗೆ ಬರೀ ಗಂಜಿ, ತಿಳಿಸಾರು. ಗಾಯ ಮಾಯೋಕೆ ಪ್ರೋಟೀನ್ ಬೇಕು ಸ್ವಾಮಿ: ಬೇಳೆ, ಮೊಸರು, ತಿಂದರೆ ಮೊಟ್ಟೆ. ಪಿತ್ತಕೋಶ ಇಲ್ಲವಾದ್ದರಿಂದ ಬಜ್ಜಿ ಬೋಂಡ ಸ್ವಲ್ಪ ದಿನ ಬೇಡ, ಎಣ್ಣೆ ಜಾಸ್ತಿಯಾದರೆ ಭೇದಿ ಆಗಬಹುದು. ಆ್ಯಪಲ್, ಬ್ರೆಡ್ಡು ಹಿಡ್ಕೊಂಡು ಬರೋ ನೆಂಟರಿಗೆ ಹತ್ತು ದಿನ ಬಿಟ್ಟು ಬನ್ನಿ ಅಂತ ಮನೆಯವರ ಕೈಲಿ ಹೇಳಿಸಿ. ದೊಡ್ಡಮ್ಮಂದಿರಿಗೆ ಹದಿನೈದು ದಿನ.

ಜ್ವರ, ಏದುಸಿರು, ಒಂದೇ ಕಾಲಿನ ಮೀನಖಂಡ ಊದಿಕೊಳ್ಳೋದು, ಕಣ್ಣು ಹಳದಿಯಾಗೋದು, ಹೊಟ್ಟೆನೋವು ದಿನದಿಂದ ದಿನಕ್ಕೆ ಏರೋದು, ಗಾಯದಿಂದ ಕೀವು – ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಯ ನಂಬರ್ ನಿಮ್ಮ ಫೋನಿನಲ್ಲಿ ಮಾತ್ರ ಇಟ್ಕೊಂಡರೆ ಸಾಲದು, ಮನೆಯವರ ಫೋನಿಗೂ ಹಾಕಿಸಿ. "ನಾಳೆ ನೋಡೋಣ ಬಿಡು" ಅಂತ ನಾನು ಮುಸುಕು ಹಾಕಿದ್ದೆ, ನಮ್ಮ ದೊಡ್ಡ ಮಗಳು ನನ್ನ ಮಾತು ಕೇಳದೆ ಫೋನ್ ಮಾಡಿದಳು.